ಸಾಯದ ದೋಣಿ

ಮರದ ದೋಣಿಗೆ ಮುಪ್ಪೂ ಉಂಟು, ಮುಕ್ತಿಯೂ ಉಂಟು. ಕರಾವಳಿಯಲ್ಲಿ ಹಿಂದೆ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಮೀನೆಣ್ಣೆ ಬಳಿದು ದೋಣಿ ಕಟ್ಟುತ್ತಿದ್ದರು. ಅದು ಕಡಲಿಗಿಳಿಯಲಾರದಷ್ಟು ಹಳತಾದಾಗ ಹಲಗೆಗಳು ಬಚ್ಚಲೊಲೆಗೆ ಸಲ್ಲುತ್ತಿದ್ದುವು. ಮಿಕ್ಕುದನ್ನು ಗೆದ್ದಲೂ ಮಳೆಯೂ ಮಣ್ಣಿಗೆ ಸೇರಿಸುತ್ತಿದ್ದುವು.

ಈಗಿನ ಫೈಬರ್ ದೋಣಿಗೆ ಆ ಭಾಗ್ಯವಿಲ್ಲ. ಗಾಜಿನ ಎಳೆಗಳನ್ನು ಅಚ್ಚಿನ ಮೇಲೆ ಹಾಸಿ, ಪಾಲಿಯೆಸ್ಟರ್ ರಾಳದಲ್ಲಿ ತೋಯಿಸಿ ಅದನ್ನು ಮಾಡುವರು. ಒಮ್ಮೆ ಗಟ್ಟಿಯಾದ ಈ ರಾಳವನ್ನು ಲೋಹದಂತೆ ಕರಗಿಸಿ ಮತ್ತೊಂದು ರೂಪಕ್ಕೆ ತರಲಾಗದು. ಹಗುರವಾದುದು, ಕೊಳೆಯದು, ಹುಳು ಹಿಡಿಯದು ಎಂದೇ ಜನರು ಅದನ್ನು ಮೆಚ್ಚಿದರು. ಬಾಳಿನಲ್ಲಿ ಗುಣವಾಗಿದ್ದುದೇ ಅಳಿವಿನಲ್ಲಿ ದೋಷವಾಯಿತು. ಬಯಲಿನಲ್ಲಿ ಸುಟ್ಟರೆ ವಿಷದ ಹೊಗೆ. ಮೂಗುಬಾಯಿ ಮುಚ್ಚಿಕೊಳ್ಳದೆ ಕೊಯ್ದರೆ ಕೊಯ್ದವನ ಉಸಿರಿನೊಳಗೆ ಗಾಜಿನ ಧೂಳು. ದಡದಲ್ಲಿ ಬಿಟ್ಟರೆ ಎಳೆಯೆಳೆಯಾಗಿ ಕಡಲಿನ ಪಾಲು. ಇಂಗ್ಲೆಂಡಿನ ಚಿಚೆಸ್ಟರ್ ಬಂದರಿನ ಸಿಂಪಿಗಳ ಮತ್ತು ಪಚ್ಚಿಲೆಗಳ ಮಾಂಸದಲ್ಲಿ ಇಂತಹ ಗಾಜಿನ ಕಣಗಳಿರುವುದನ್ನು ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು.

ಹಾಗೆಂದು ಉಪಾಯವೇ ಇಲ್ಲವೆಂದಲ್ಲ. ಮೊದಲು ಯಂತ್ರ, ಬ್ಯಾಟರಿ, ಎಣ್ಣೆ, ಲೋಹದ ಭಾಗಗಳನ್ನು ಬೇರ್ಪಡಿಸಬೇಕು. ಬಳಿಕ ಒಡಲನ್ನು ತುಂಡರಿಸಿ, ಪುಡಿಗೈದು, ಸಿಮೆಂಟಿನ ಕುಲುಮೆಗೆ ಕಳುಹಿಸಬಹುದು. ಅಲ್ಲಿ ರಾಳವು ಉರಿದು ಕಾವನ್ನು ಕೊಡುವುದು. ಗಾಜಿನಲ್ಲಿರುವ ಸಿಲಿಕವೂ ಸುಣ್ಣದ ಅಂಶವೂ ಸಿಮೆಂಟಿನಲ್ಲಿಯೇ ಬೆರೆತುಹೋಗುವುವು.

ಆದರೆ ಸಾಗಿಸುವ, ತುಂಡರಿಸುವ ವೆಚ್ಚವನ್ನು ಹೊರುವವರಾರು? ಕೈಯಿಂದ ಕೈಗೆ ದಾಟಿಬಂದ ಹಳೆಯ ದೋಣಿಯ ಕೊನೆಯ ಒಡೆಯನು ಬಹುಮಟ್ಟಿಗೆ ಅದನ್ನು ಭರಿಸಲಾರದವನೇ. ಹೊರಲಾರದ ಹೊರೆಯನ್ನು ಆತನು ಇರುಳಿನಲ್ಲಿ ಅಳಿವೆಯ ಬಾಯಲ್ಲಿ ಬಿಟ್ಟುಬಂದರೆ ಆತನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಫ್ರಾನ್ಸ್ ದೇಶವು ವಿಹಾರದ ದೋಣಿಗಳ ವಿಷಯದಲ್ಲಿ 2019ರಿಂದ ಬೇರೊಂದು ದಾರಿಯನ್ನು ಹಿಡಿದಿದೆ. ಹೊಸ ದೋಣಿಯನ್ನು ಮಾರುಕಟ್ಟೆಗೆ ತರುವವರೇ ಹಳತರ ವಿಲೇವಾರಿಗೆ ಹಣ ತೆರಬೇಕು. ಒಡೆಯನು ಸಾಗಣೆಯ ವೆಚ್ಚವನ್ನು ಮಾತ್ರ ವಹಿಸಿ, ದೋಣಿಯನ್ನು ಒಪ್ಪಿಸಿ ಹೊರಟುಬರಬಹುದು.

ಹುಟ್ಟಿನ ಬೆಲೆಯಲ್ಲಿಯೇ ಉತ್ತರಕ್ರಿಯೆಯ ಖರ್ಚನ್ನೂ ಸೇರಿಸುವ ಈ ಲೆಕ್ಕವು ಕರಾವಳಿಗೂ ಸಲ್ಲತಕ್ಕದ್ದು. ಮರದ ದೋಣಿಯ ಅಂತ್ಯಕಾರ್ಯವನ್ನು ಗೆದ್ದಲು ಪುಕ್ಕಟೆಯಾಗಿ ನಡೆಸಿಕೊಟ್ಟಿತು. ಗೆದ್ದಲಿಗೂ ಬೇಡವಾದುದನ್ನು ಮಾಡಿ ಮಾರಿದ ಮೇಲೆ ಆ ಕಾರ್ಯವು ಮನುಷ್ಯನ ಪಾಲಿಗೆ ಬಂದಿದೆ.