ನಾಲ್ಕು ಎಂಜಿನ್, ಎರಡು ಫ್ಯಾನು

ಹತ್ತನೇ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ವಿಮಾನ ಬರೆಯುತ್ತ ಕುಳಿತಿದ್ದ. ಎಬ್ಬಿಸಿ ನಿಲ್ಲಿಸಿದೆ.

"ಜರ್ಮನಿಯ ಬಾಂಬರ್ ಮಿಸ್. ನಾಲ್ಕು ಎಂಜಿನ್ನಿನದು" ಎಂದ.

ಚಿತ್ರದಲ್ಲಿದ್ದದ್ದು ಎರಡೇ ಫ್ಯಾನು. "ನಾಲ್ಕು ಎಂಜಿನ್ನಿಗೆ ಎರಡು ಫ್ಯಾನು ಹೇಗೋ? ಎಣಿಸೋಕೂ ಬರಲ್ವಾ?" ಎಂದೆ. ತರಗತಿಯೆಲ್ಲ ನಕ್ಕಿತು. ಏನೋ ಹೇಳಲು ಬಾಯಿ ತೆರೆದವನು ಹಾಗೇ ಕುಳಿತುಬಿಟ್ಟ.

ಅವನ ಸಪ್ಪೆ ಮುಖ ಮನೆಯವರೆಗೂ ನನ್ನ ಹಿಂದೆಯೇ ಬಂತು. ಹುಡುಕಿ ಓದಿ ನೋಡಿದರೆ, ತಪ್ಪು ನನ್ನದೇ! ಹೈಂಕೆಲ್ ಕಂಪನಿಯ ಹೆ-177 ಎಂಬ ಆ ವಿಮಾನಕ್ಕೆ ನಿಜವಾಗಿಯೂ ನಾಲ್ಕು ಎಂಜಿನ್, ಎರಡು ಫ್ಯಾನು. ಗಾಳಿಯ ತಡೆ ಕಡಿಮೆಯಾಗಲೆಂದು, 12 ಸಿಲಿಂಡರಿನ ಎರಡೆರಡು ಎಂಜಿನ್ನುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ, ಒಂದೊಂದು ಜೋಡಿಗೆ ಒಂದೊಂದು ಫ್ಯಾನು ತಿರುಗಿಸುವ ಕೆಲಸ ಕೊಟ್ಟಿದ್ದರು. ಪಂಚತಂತ್ರದ ಎರಡು ತಲೆಯ ಹಕ್ಕಿ ನೆನಪಾಯಿತು. ಅದರ ಗತಿ ಏನಾಯಿತೆಂದು ನಮಗೆಲ್ಲ ಗೊತ್ತು.

1939ರ ನವೆಂಬರ್‌ನಲ್ಲಿ ಅದು ಮೊದಲ ಸಲ ಹಾರಿತು. 12 ನಿಮಿಷಕ್ಕೇ ಎಂಜಿನ್ ಕಾದು ಇಳಿಸಬೇಕಾಯಿತು. ಇಕ್ಕಟ್ಟಾದ ಒಂದೇ ಗೂಡಿನೊಳಗೆ ಎರಡು ಪಂಪ್ ಸ್ಟೌ ಹಚ್ಚಿಟ್ಟು ಬಾಗಿಲು ಮುಚ್ಚಿದರೆ ಹೇಗಿರುತ್ತದೆ, ಯೋಚಿಸಿ. ಎರಡು ಎಂಜಿನ್ನುಗಳ ನಡುವಿನ ಹೊಗೆಕೊಳವೆ ಕೆಂಡದಂತೆ ಕೆಂಪಗಾಗುತ್ತಿತ್ತು. ತಳದಲ್ಲಿ ತೊಟ್ಟಿಕ್ಕಿದ ಎಣ್ಣೆ, ಜಿಡ್ಡು. ಪೆಟ್ರೋಲ್ ಸೋರಿದರಂತೂ ಮುಗಿಯಿತು. ಎಷ್ಟೋ ವಿಮಾನಗಳು ಶತ್ರುವಿನ ಗುಂಡು ತಗಲದೆಯೇ ಆಕಾಶದಲ್ಲಿ ಹೊತ್ತಿ ಉರಿದವು.

ಎಂಜಿನ್ನುಗಳನ್ನು ಬೇರೆ ಬೇರೆ ಕೂಡಿಸಬಾರದಿತ್ತೇ? ಹೈಂಕೆಲ್ ಕೇಳಿದ್ದನಂತೆ. ಮೇಲಿನವರು ಒಪ್ಪಲಿಲ್ಲ. ಸಣ್ಣ ಸ್ಟೂಕಾ ವಿಮಾನಗಳು ಗಿಡುಗನ ಹಾಗೆ ನೆಟ್ಟಗೆ ಎರಗಿ ಬಾಂಬು ಹಾಕುವುದನ್ನು ಕಂಡ ಅವರಿಗೆ ಈ ದೊಡ್ಡ ವಿಮಾನವೂ ಹಾಗೇ ಎರಗಬೇಕಿತ್ತು. ತುಂಬಿದಾಗ 30 ಟನ್ ತೂಗುವಂಥದ್ದು! ಆ ಹೊಡೆತ ತಾಳಲೆಂದು ಮೈ ಗಟ್ಟಿ ಮಾಡಿದರು, ತೂಕ ಇನ್ನೂ ಏರಿತು, ಎಂಜಿನ್ ಇನ್ನೂ ಬಳಲಿತು. 1942ರಲ್ಲಿ ಗೋರಿಂಗೇ, ನಾಲ್ಕು ಎಂಜಿನ್ನಿನ ವಿಮಾನ ಎರಗಬೇಕೆನ್ನುವುದು ಹುಚ್ಚುತನ ಎಂದು ಕೂಗಾಡಿದನಂತೆ. ಅವನದೇ ಇಲಾಖೆಯ ಅಪ್ಪಣೆ ಅದು. ಸುತ್ತೋಲೆಗಳ ನಡುವೆಯೇ ತಲೆ ನರೆಸಿಕೊಂಡ ನನಗೆ ಇದೇನೂ ಹೊಸ ಕಥೆ ಅನ್ನಿಸಲಿಲ್ಲ.

ಓದುತ್ತ ಓದುತ್ತ ಆ ವಿಮಾನದ ಮೇಲೆ ನನಗೆ ಮರುಕವೇ ಹುಟ್ಟಿತ್ತು. ದಡ್ಡ ವಿದ್ಯಾರ್ಥಿಯನ್ನು ಹೇಗಾದರೂ ಪಾಸು ಮಾಡಿಸುವ ಹಟದಲ್ಲಿ, ಕೊಳವೆ ಹೀಗಿಟ್ಟಿದ್ದರೆ, ಎಣ್ಣೆಗೆ ಹಾಗೆ ದಾರಿ ಮಾಡಿದ್ದರೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಆಮೇಲಿನ ಪುಟದಲ್ಲಿ ಲಂಡನ್ ಬಂತು. 1944ರ ಜನವರಿಯಿಂದ ಅಲ್ಲಿ ರಾತ್ರಿ ಬಾಂಬು ಹಾಕಲು ಇವನ್ನೂ ಕಳಿಸಿದರು. ಅದರಾಚೆ ಒರಾನಿಯನ್‌ಬುರ್ಗ್ ಕಾರ್ಖಾನೆ ಬಂತು. ಅಲ್ಲಿ ಈ ವಿಮಾನ ಕಟ್ಟಲು ಸಾಕ್ಸನ್‌ಹೌಸನ್ ಸೆರೆಶಿಬಿರದ ಸಾವಿರಾರು ಕೈದಿಗಳನ್ನು ದುಡಿಸಿದ್ದರು. ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ಇಷ್ಟು ಹೊತ್ತು ನಾನು ಯಾವುದನ್ನು ರಿಪೇರಿ ಮಾಡುತ್ತಿದ್ದೆ?

ಮರುದಿನ ತರಗತಿಯ ಎದುರಿಗೇ ಹೇಳಿದೆ: "ನಿನ್ನೆ ಇವನು ಹೇಳಿದ್ದೇ ಸರಿ. ತಪ್ಪಿದ್ದು ನಾನು." ಹುಡುಗನ ಮುಖ ಅರಳಿತು.

"ಎಂಜಿನ್ ಸರಿಯಾಗಿದ್ದಿದ್ರೆ ಚೆನ್ನಾಗಿರ್ತಿತ್ತು, ಅಲ್ವಾ ಮಿಸ್?" ಎಂದ.

ಬೈಯಲು ನನಗೆ ಯಾವ ಅಧಿಕಾರವಿತ್ತು? ಹಿಂದಿನ ರಾತ್ರಿ ನಾನೂ ಅದನ್ನೇ ಹೇಳಿಕೊಂಡಿದ್ದೆ. ಆ ಕೈದಿಗಳ ವಿಷಯ, ಲಂಡನ್ನಿನ ರಾತ್ರಿಗಳ ವಿಷಯ ಹೇಳಿದೆ. ಎಂಜಿನ್ನಿಗೆ ಬೆಂಕಿ ಹತ್ತಿದಾಗ ಒಳಗಿದ್ದವರ ವಿಷಯವನ್ನೂ.

"ಒಳಗೆ ಎಷ್ಟು ಜನ ಇರ್ತಿದ್ರು ಮಿಸ್?"

"ಆರು ಜನ."

ಅವನು ನೋಟ್‌ಬುಕ್ಕು ತೆಗೆದು ನೋಡಿದ. ಚಿತ್ರದಲ್ಲಿ ಗಾಜಿನ ಮೂತಿಯೊಳಗೆ ಯಾರನ್ನೂ ಬರೆದಿರಲಿಲ್ಲ.