ಇಳಿಯೋದಕ್ಕೂ ಒಂದು ದಾರಿ ಇದೆ

ನಮ್ಮಪ್ಪ ಮೂವತ್ತು ವರ್ಷ ಬಸ್ ಓಡಿಸಿದವರು. ಚಾರ್ಮಾಡಿ ಘಾಟಿಯ ಒಂದೊಂದು ತಿರುವೂ ಅವರಿಗೆ ಬಾಯಿಪಾಠ. ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ಮಂಕಾಗಿಬಿಟ್ಟಿದ್ದರು. ಅದಕ್ಕೇ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಟ್ಟೆ. ಹಾರಿಸೋದನ್ನು ಬೇಗ ಕಲಿತರು. ಇಳಿಸೋದರಲ್ಲೇ ತೊಡಕು. ಆಟೋಪೈಲಟ್‌ನ ಅಪ್ರೋಚ್ ಬಟನ್ ಒತ್ತಿದರೂ ವಿಮಾನ ಕೆಳಗಿಳಿಯದೆ ಬೆಂಗಳೂರಿನ ರನ್‌ವೇ ಮೇಲೆ ನೆಟ್ಟಗೆ ಹಾದುಹೋಗುತ್ತಿತ್ತು. ನಾಲ್ಕನೇ ದಿನ, "ನಂಗೆ ವಯಸ್ಸಾಯ್ತು ಕಣೋ, ಇನ್ನು ಇದೆಲ್ಲ ಆಗಲ್ಲ" ಅಂತ ಎದ್ದುಬಿಟ್ಟರು.

ಆ ಮಾತು ಕೇಳಿ ಸಂಕಟವಾಯಿತು. ಆಫೀಸಿನಲ್ಲಿ ಪ್ರೋಗ್ರಾಂ ಕೈಕೊಟ್ಟಾಗ ನಾವು ಯಾರನ್ನೂ ಬೈಯಲ್ಲ, ಅದಕ್ಕೆ ಏನು ಹೇಳಲಾಗಿದೆ ಅಂತ ನೋಡ್ತೀವಿ. ಇಲ್ಲೂ ಅದನ್ನೇ ಮಾಡಿದೆ. ರನ್‌ವೇಯಿಂದ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಒಂದು ರೇಡಿಯೋ ದಾರಿ ಮೇಲಕ್ಕೆ ಹೋಗುತ್ತದೆ, ಅದೇ ಗ್ಲೈಡ್ ಸ್ಲೋಪ್. ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಲೆಕ್ಕ. ಬೆಂಗಳೂರಿನ ವಿಮಾನ ನಿಲ್ದಾಣವೇ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಹಾಗಾಗಿ 10 ಮೈಲಿ ದೂರದಲ್ಲಿ ಎತ್ತರಮಾಪಕ 6000 ತೋರಿಸಬೇಕು. ಅಪ್ಪನ ವಿಮಾನ 8000ದಲ್ಲಿತ್ತು. ಆ ದಾರಿಯನ್ನು ಕೆಳಗಿನಿಂದ ಬಂದು ಹಿಡಿಯಬೇಕು, ಇವರು ಮೇಲಿದ್ದರು. ಆಟೋಪೈಲಟ್ ಸಿಗದ ದಾರಿಗೆ ಕಾಯುತ್ತಾ, ಹೇಳಿದ ಎತ್ತರದಲ್ಲೇ ಹೋಗುತ್ತಿತ್ತು. ಪರದೆಯ ಮೇಲ್ಗಡೆ ಅದನ್ನೇ ಬರೆದಿತ್ತು ಕೂಡ.

ಅಪ್ಪ ತಕ್ಷಣ ಹಿಡಿದರು: "ಘಾಟಿಯಲ್ಲೂ ಅಷ್ಟೇ ಅಲ್ವಾ? ಇಳಿಜಾರು ಶುರುವಾಗೋಕೆ ಮುಂಚೇನೇ ವೇಗ ತಗ್ಗಿಸಿ ಗೇರ್ ಹಾಕ್ಬೇಕು."

ಇದು ಬರೀ ಆಟದ ವಿಷಯವಲ್ಲ. 2009ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿಯುತ್ತಿದ್ದ ಟರ್ಕಿಶ್ ಏರ್‌ಲೈನ್ಸ್ ವಿಮಾನದ ಒಂದು ಎತ್ತರಮಾಪಕ ಕೆಟ್ಟು, ನೆಲ ಬಂತೆಂದು ಹೇಳಿತು. ಯಂತ್ರ ಅದನ್ನು ನಂಬಿ ಎಂಜಿನ್ ಶಕ್ತಿ ತಗ್ಗಿಸಿತು. ಅವರೂ ದಾರಿಯನ್ನು ಮೇಲಿನಿಂದ ಹಿಡಿಯುತ್ತಿದ್ದರಿಂದ ಶಕ್ತಿ ತಗ್ಗಿದ್ದು ಪೈಲಟ್‌ಗಳಿಗೆ ಸಹಜವಾಗೇ ಕಂಡಿತು. ವೇಗ ಕುಸಿದದ್ದು ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. 9 ಜನ ತೀರಿಕೊಂಡರು.

ಈ ಕಥೆ ಕೇಳಿದ ಮೇಲೆ ಅಪ್ಪ ಬಟನ್ ಒತ್ತಿ ಸುಮ್ಮನಿರಲ್ಲ, ಪರದೆಯ ಮೇಲಿನ ಸಾಲನ್ನು ಜೋರಾಗಿ ಓದ್ತಾರೆ. ಕಂಡಕ್ಟರ್ ಸೀಟಿ ಕೇಳದೆ ಬಸ್ ಬಿಡ್ತಿರಲಿಲ್ಲವಂತೆ, ಹಾಗೆ.

ನಿಮ್ಮ ಮನೆಯಲ್ಲೂ ಹಿರಿಯರು ಮೊಬೈಲೋ, ಎಟಿಎಮ್ಮೋ "ನನ್ನಿಂದಾಗಲ್ಲ" ಅಂದರೆ ಕೈಯಿಂದ ಕಿತ್ಕೊಂಡು ನೀವೇ ಮಾಡಬೇಡಿ. ಪಕ್ಕದಲ್ಲಿ ಕೂತು ಪರದೆಯಲ್ಲಿ ಏನಿದೆ ಅಂತ ಅವರಿಂದಲೇ ಓದಿಸಿ. ಎಷ್ಟೋ ಸಲ ತೊಂದರೆ ವಯಸ್ಸಿನದ್ದಾಗಿರಲ್ಲ.