ಸನ್‌ಸೆಟ್ ಬುಲೆವಾರ್ಡ್‌ನ ಕಾಮನಬಿಲ್ಲು

ಅಮೆರಿಕದ ಲಾಸ್ ಏಂಜಲೀಸ್ ನಗರದ ನಡುವಿನಿಂದ ಹೊರಟು, ಹಾಲಿವುಡ್ಡನ್ನು ಹಾದು, ಶಾಂತಸಾಗರದ ದಂಡೆಯವರೆಗೆ ಸುಮಾರು 35 ಕಿಲೋಮೀಟರ್ ಸಾಗುವ ರಸ್ತೆಯೇ ಸನ್‌ಸೆಟ್ ಬುಲೆವಾರ್ಡ್. ಪಡುವಣಕ್ಕೆ ಹೋಗುವ ದಾರಿಗೆ ತಕ್ಕ ಹೆಸರು. ಇಲ್ಲಿ ಶ್ವಾಬ್ಸ್ ಎಂಬ ಔಷಧದ ಅಂಗಡಿಯೊಂದಿತ್ತು. ತಿಂಡಿ, ಕಾಫಿಯೂ ಸಿಗುತ್ತಿದ್ದುದರಿಂದ ಚಿತ್ರರಂಗದವರ ಹರಟೆಕಟ್ಟೆಯೂ ಅದೇ ಆಗಿತ್ತು. 1988ರಲ್ಲಿ ಅದನ್ನು ಕೆಡವಿದರು. ಸುಮಾರು 50 ವರ್ಷ ಹಿಂದೆ, 1938ರಲ್ಲಿ, ಈ ಅಂಗಡಿಯ ಬಳಿ ಕಾರಿನಲ್ಲಿದ್ದಾಗಲೇ ಸಂಗೀತಗಾರ ಹೆರಾಲ್ಡ್ ಆರ್ಲೆನ್‌ಗೆ ಒಂದು ಧಾಟಿ ಹೊಳೆಯಿತು. ಅದಕ್ಕೆ ಮಾತು ಕೊಟ್ಟವರು ಯಿಪ್ ಹಾರ್‌ಬರ್ಗ್. ಹಾಡು 'ಓವರ್ ದಿ ರೈನ್‌ಬೋ'.

ಹಾರ್‌ಬರ್ಗ್ ಈ ಊರಿನವರಲ್ಲ. 1896ರಲ್ಲಿ ನ್ಯೂಯಾರ್ಕಿನ ಬಡ ಬಡಾವಣೆ ಲೋಯರ್ ಈಸ್ಟ್ ಸೈಡ್‌ನಲ್ಲಿ, ರಷ್ಯದಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ಹುಟ್ಟಿದರು. ತಂದೆ ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದರೆ, ಹುಡುಗ ಬೀದಿದೀಪ ಹಚ್ಚಿ ನಾಲ್ಕು ಕಾಸು ತರುತ್ತಿದ್ದ. ಓದಿ ವಿಜ್ಞಾನ ಪದವೀಧರನೂ ಆದ. ಕವಿತೆ ಅನ್ನ ಹಾಕೀತೇ? ವಿದ್ಯುತ್ ಸಾಮಾನಿನ ವ್ಯಾಪಾರಕ್ಕಿಳಿದರು. 1929ರ ಷೇರುಪೇಟೆ ಕುಸಿತದಲ್ಲಿ ಕಂಪನಿ ಮುಳುಗಿ, ಸಾಲ ಉಳಿಯಿತು. ಕೈಹಿಡಿದವರು ಶಾಲೆಯ ಗೆಳೆಯ, ಅಷ್ಟರಲ್ಲಾಗಲೇ ಹೆಸರಾದ ಗೀತರಚನೆಕಾರ ಐರಾ ಗರ್ಶ್ವಿನ್. 1932ರಲ್ಲಿ, ಕೆಲಸ ಕಳೆದುಕೊಂಡು ಚಿಲ್ಲರೆಗೆ ಕೈಯೊಡ್ಡುವ ದುಡಿಮೆಗಾರನ ಬಗ್ಗೆ ಹಾರ್‌ಬರ್ಗ್ ಬರೆದ ಹಾಡು ದೇಶದ ಬಾಯಲ್ಲೆಲ್ಲ ಹರಿಯಿತು.

1939ರ 'ದಿ ವಿಝರ್ಡ್ ಆಫ್ ಆಝ್' ತಯಾರಾದದ್ದು ಕಲ್ವರ್ ಸಿಟಿಯ ಎಂ.ಜಿ.ಎಂ. ಸ್ಟುಡಿಯೋದಲ್ಲಿ. ಮೂಲ ಕಾದಂಬರಿಯಲ್ಲಿ ಕಾಮನಬಿಲ್ಲಿನ ಹಾಡಿಲ್ಲ. ಕ್ಯಾನ್ಸಸ್‌ನ ಒಣ ಬಯಲಿನ ಹುಡುಗಿಗೆ ಬಣ್ಣವೆಂದರೆ ಕಾಮನಬಿಲ್ಲೊಂದೇ ಎಂದು ಹಾರ್‌ಬರ್ಗ್‌ಗೆ ತೋಚಿತು. ಚಿತ್ರಕಥೆಯನ್ನೂ ಅವರು ತಿದ್ದಿದರು. ಬೆರ್ಚಪ್ಪನಿಗೆ ಬುದ್ಧಿಯ ಬದಲು ಡಿಪ್ಲೊಮಾ, ತಗಡಿನ ಮನುಷ್ಯನಿಗೆ ಹೃದಯದಾಕಾರದ ಗಡಿಯಾರ ಕೊಡುವ ಚೇಷ್ಟೆಯ ದೃಶ್ಯ ಅವರದೇ. ಡಿಪ್ಲೊಮಾ ಸಿಕ್ಕೊಡನೆ ಬೆರ್ಚಪ್ಪ ರೇಖಾಗಣಿತದ ಸೂತ್ರವೊಂದನ್ನು ಠೀವಿಯಿಂದ ಹೇಳುತ್ತಾನೆ, ಅದೂ ತಪ್ಪಾಗಿ! ಆದರೆ ಚಿತ್ರಕಥೆಗಾರರ ಪಟ್ಟಿಯಲ್ಲಿ ಹಾರ್‌ಬರ್ಗ್ ಹೆಸರಿಲ್ಲ. ಕಥೆಯ ಓಟಕ್ಕೆ ಅಡ್ಡಿಯೆಂದು ಹಾಡನ್ನೇ ಒಮ್ಮೆ ಕತ್ತರಿಸಿದ್ದರು. ಹಟ ಹಿಡಿದು ಮತ್ತೆ ಸೇರಿಸಿದ ಮೇಲೆ ಅದಕ್ಕೆ ಆಸ್ಕರ್ ಬಂತು.

1950ರ ದಶಕದಲ್ಲಿ ಎಡಪಂಥೀಯರೆಂಬ ಶಂಕೆಯಿಂದ ಹಾಲಿವುಡ್ ಅವರಿಗೆ ಬಾಗಿಲು ಮುಚ್ಚಿತು. ಅವರು ನ್ಯೂಯಾರ್ಕಿನ ರಂಗಭೂಮಿಗೆ ಬರೆದು ಬದುಕಿದರು.

ಕಾಮನಬಿಲ್ಲು ಮೂಡುವುದು ಸೂರ್ಯನ ಎದುರು ದಿಕ್ಕಿನಲ್ಲಿ. ಸಂಜೆ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ಕಡಲಿನತ್ತ ಹೋಗುವವರು ಅದನ್ನು ಕಾಣಬೇಕಾದರೆ ಹಿಂದಕ್ಕೆ ತಿರುಗಬೇಕು. 1981ರ ಮಾರ್ಚ್ 5ರಂದು ಅದೇ ರಸ್ತೆಯಲ್ಲಿ, ಕಾರಿನಲ್ಲಿದ್ದಾಗಲೇ, ಹಾರ್‌ಬರ್ಗ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 84 ವರ್ಷ.